ಹೊಸ ಕಂಪ್ಯೂಟರ್ ಪಕ್ಕ ಯಾರು ನಿಲ್ಲುತ್ತಾರೆ?

2025ರ ನವೆಂಬರ್‌ನಲ್ಲಿ ನಡೆದ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರ ‘ಕಿಯೋ’ ಅನ್ನುವ ಪುಟ್ಟ ಕಂಪ್ಯೂಟರನ್ನು ಹೊರತಂದಿತು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಮತ್ತು ಐಟಿ-ಬಿಟಿ ಇಲಾಖೆ ಸೇರಿ ರೂಪಿಸಿದ್ದು. ಆಗ ಹೇಳಿದ ಬೆಲೆ 18,999 ರೂಪಾಯಿ. ಒಳಗೆ ರಿಸ್ಕ್-ಫೈವ್ ಅನ್ನುವ, ಯಾರು ಬೇಕಾದರೂ ಬಳಸಬಹುದಾದ ವಿನ್ಯಾಸದ ಪ್ರೊಸೆಸರ್ (ಮುಖ್ಯ ಚಿಪ್), ಅದರ ಮೇಲೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ. ರಾಜ್ಯದ ಶಾಲೆಗಳ ಡಿಎಸ್‌ಇಆರ್‌ಟಿ ಪಠ್ಯಕ್ರಮ ಕಲಿತ ‘ಬುದ್ಧ್’ ಅನ್ನುವ ಎಐ ಸಹಾಯಕವೂ ಇದೆ. ಆಗ ಚಿಪ್ ಬಗ್ಗೆ ಮಾತಾಯಿತು, ಬೆಲೆ ಬಗ್ಗೆ ಮಾತಾಯಿತು, ಎಐ ಬಗ್ಗೆಯಂತೂ ಜಾಸ್ತಿಯೇ ಆಯಿತು. ನನ್ನ ಪ್ರಶ್ನೆ ಬೇರೆ. ಮನೆಗೆ ಮೊದಲ ಸಲ ಕಂಪ್ಯೂಟರ್ ತರಬೇಕು ಅಂತ ಹೊರಟವರಿಗೆ ಇಂಥದ್ದನ್ನು ಪಕ್ಕದಲ್ಲಿ ನಿಂತು ತೋರಿಸುವವರು ಯಾರು? ಅವರಿಗೆ ಏನು ಗೊತ್ತಿರುತ್ತೆ? ಯಾವ ಕೆಲಸಕ್ಕೆ ಅವರಿಗೆ ದುಡ್ಡು ಸಿಗುತ್ತೆ?

ಈ ಮೂರಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಎಷ್ಟು ಒಳ್ಳೆಯ ಮಷೀನ್ ಆದರೂ ಮೂಲೆ ಸೇರುತ್ತೆ. ಕಿಯೋಗೆ ಮಾತ್ರ ಹೇಳುತ್ತಿಲ್ಲ. ಜನರಿಗೆ ಪರಿಚಯವಿಲ್ಲದ ಯಾವ ಕಂಪ್ಯೂಟರಿಗೂ ಇದೇ ಮಾತು.

ನಮ್ಮಲ್ಲಿ ಮೊದಲ ಸಲ ಕೊಳ್ಳುವವರ ಸಂಖ್ಯೆ ದೊಡ್ಡದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ದೇಶದ ಶೇ 10.7 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು. ಪೇಟೆಗಳಲ್ಲಿ ಶೇ 23.4, ಹಳ್ಳಿಗಳಲ್ಲಿ ಶೇ 4.4. ಆ ಲೆಕ್ಕದಲ್ಲಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಕೂಡ ಸೇರಿತ್ತು. ಆಮೇಲೆ ಕೋವಿಡ್ ಬಂತು, ಆನ್‌ಲೈನ್ ಕ್ಲಾಸ್ ಬಂತು, ಸ್ವಲ್ಪ ಬದಲಾಗಿರುತ್ತೆ. ಆದರೂ ಮೊಬೈಲನ್ನು ನಾಲ್ಕೈದು ಸಲ ಬದಲಿಸಿದ ಮನೆಯಲ್ಲೂ ಕಂಪ್ಯೂಟರ್ ಒಂದೂ ಇಲ್ಲದಿರುವುದು ಸಾಮಾನ್ಯ. ಮೊಬೈಲ್ ಕೊಳ್ಳುವವರು ಏನು ಬೇಕು ಅಂತ ತೀರ್ಮಾನಿಸಿಕೊಂಡೇ ಬರುತ್ತಾರೆ. ಕಂಪ್ಯೂಟರ್ ಕೊಳ್ಳುವವರು ಕೇಳುವುದಕ್ಕೆ ಬರುತ್ತಾರೆ.

ಸಿಇಟಿ ಸೀಟು ಸಿಕ್ಕ ಮೇಲೆ, ಡಿಗ್ರಿ ಕಾಲೇಜು ಶುರುವಾಗುವ ಹೊತ್ತಿಗೆ ಬೆಂಗಳೂರಿನ ಯಾವುದೇ ದೊಡ್ಡ ಎಲೆಕ್ಟ್ರಾನಿಕ್ಸ್ ಶೋರೂಂಗೆ ಹೋಗಿ ನೋಡಿ. ಅಪ್ಪ, ಅಮ್ಮ, ಮಗಳು, ಜೊತೆಗೆ ‘ಸ್ವಲ್ಪ ಗೊತ್ತಿರುವ’ ಸಂಬಂಧಿಕರ ಹುಡುಗ ಒಬ್ಬ. ಲ್ಯಾಪ್‌ಟಾಪ್ ಸಾಲಿನ ಮುಂದೆ ನಿಂತ ಕೂಡಲೇ ಒಬ್ಬರು ಬಂದು ನಗುತ್ತಾ ಮಾತಾಡಿಸುತ್ತಾರೆ. ಅವರು ಅಂಗಡಿಯವರು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅವರು ಅಂಗಡಿಯವರೇ ಅಲ್ಲ.

ಇವರನ್ನು ಈ ವ್ಯಾಪಾರದಲ್ಲಿ ಪ್ರಮೋಟರ್ ಅಂತಾರೆ. ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯ ಪರವಾಗಿ ಅಂಗಡಿಯಲ್ಲಿ ನಿಲ್ಲುವವರು. ಹಾಕಿಕೊಂಡಿರುವುದು ಆ ಬ್ರ್ಯಾಂಡಿನ ಟೀ ಶರ್ಟ್. ಸಂಬಳ ಬರುವುದು ಹೆಚ್ಚಾಗಿ ಮೂರನೆಯ ಒಂದು ಮ್ಯಾನ್‌ಪವರ್ ಏಜೆನ್ಸಿಯಿಂದ. ಹಾಜರಿ ನೋಡುವುದು ಅಂಗಡಿಯ ಫ್ಲೋರ್ ಮ್ಯಾನೇಜರ್. ಟಾರ್ಗೆಟ್ ಕೊಡುವುದು ಬ್ರ್ಯಾಂಡಿನ ಏರಿಯಾ ಮ್ಯಾನೇಜರ್. ಹೀಗೆ ಒಬ್ಬರಿಗೇ ಮೂರು ಕಡೆ ಉತ್ತರ ಹೇಳಬೇಕು. ಪ್ರತಿದಿನ ರಾತ್ರಿ ಇವತ್ತು ಎಷ್ಟು ಪೀಸ್ ಹೋಯಿತು, ಯಾವ ಮಾಡೆಲ್ ಹೋಯಿತು ಅಂತ ಮೊಬೈಲಿನಲ್ಲಿ ಕಳಿಸಬೇಕು. ತಿಂಗಳ ಸಂಬಳದ ಮೇಲೆ ಪೀಸಿಗೆ ಇಷ್ಟು ಅಂತ ಇನ್ಸೆಂಟಿವ್. ಎಲ್ಲ ಮಾಡೆಲ್‌ಗೂ ಒಂದೇ ಮೊತ್ತ ಇರುವುದಿಲ್ಲ. ಕಂಪನಿಗೆ ಯಾವುದು ಬೇಗ ಖಾಲಿಯಾಗಬೇಕೋ ಅದಕ್ಕೆ ಜಾಸ್ತಿ.

ಒಂದೇ ಸಾಲಿನಲ್ಲಿ ನಾಲ್ಕು ಬ್ರ್ಯಾಂಡಿನ ನಾಲ್ಕು ಪ್ರಮೋಟರ್‌ಗಳು ಇದ್ದಾಗ, ನಾವು ಮೊದಲು ಯಾರ ಕಣ್ಣಿಗೆ ಬೀಳುತ್ತೇವೆ ಅನ್ನುವುದೂ ಮುಖ್ಯವಾಗುತ್ತೆ. ಒಬ್ಬ ಗಿರಾಕಿಯನ್ನು ಒಬ್ಬರು ಮಾತಾಡಿಸಿದ ಮೇಲೆ ಇನ್ನೊಬ್ಬರು ನಡುವೆ ಬಾಯಿ ಹಾಕುವುದು ಕಡಿಮೆ. ಅದು ಅವರವರಲ್ಲಿ ಇರುವ ಮರ್ಯಾದೆ. ಪ್ರಮೋಟರ್ ಇಲ್ಲದ ಬ್ರ್ಯಾಂಡಿನ ಮಷೀನ್ ಅದೇ ಮೇಜಿನ ಮೇಲೆ ಇದ್ದರೂ ಯಾರೂ ತೋರಿಸುವುದಿಲ್ಲ. ತೋರಿಸಿದರೆ ಯಾರಿಗೂ ಏನೂ ಸಿಗುವುದಿಲ್ಲ. ಹೊಸದಾಗಿ ಬರುವ ಕಂಪನಿಗೆ ಇದೇ ಮೊದಲ ಪೆಟ್ಟು.

ಇನ್ನು ಅಂಗಡಿಯ ಸ್ವಂತ ನೌಕರರು. ಅವರಿಗೆ ಬ್ರ್ಯಾಂಡ್ ಯಾವುದಾದರೂ ಪರವಾಗಿಲ್ಲ, ಬಿಲ್ ಆದರೆ ಸಾಕು. ಆದರೆ ಬಿಲ್ಲಿನಲ್ಲಿ ಲ್ಯಾಪ್‌ಟಾಪ್ ಒಂದೇ ಇದ್ದರೆ ಸಾಲದು. ಲ್ಯಾಪ್‌ಟಾಪಿನ ಮೇಲೆ ಅಂಗಡಿಗೆ ಉಳಿಯುವ ಲಾಭ ತೆಳು. ಆನ್‌ಲೈನ್ ರೇಟು ಗಿರಾಕಿಯ ಕೈಯಲ್ಲೇ ಇರುತ್ತೆ, ಬೆಲೆ ಏರಿಸುವ ಹಾಗಿಲ್ಲ. ಲಾಭ ಬರುವುದು ಬ್ಯಾಗು, ಮೌಸು, ಆಂಟಿವೈರಸ್, ಹೆಚ್ಚುವರಿ ವಾರಂಟಿ, ಇಎಂಐ ಇವುಗಳಿಂದ. ಇವನ್ನೆಲ್ಲ ಸೇರಿಸಿ ‘ಅಟ್ಯಾಚ್’ ಅಂತಾರೆ. ಸಂಜೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳುವುದು “ಇವತ್ತು ಅಟ್ಯಾಚ್ ಎಷ್ಟು?” ಅಂತ. ಗಿರಾಕಿಗೆ ಸರಿಯಾದ ಮಷೀನ್ ಸಿಕ್ಕಿತಾ ಅಂತ ಕೇಳುವ ಮೀಟಿಂಗ್ ಅಪರೂಪ. ಕೇಳಿದರೂ ಅದನ್ನು ಅಳೆಯುವ ಲೆಕ್ಕ ಅವರ ಹತ್ತಿರ ಇಲ್ಲ.

ಇಲ್ಲಿ ನಾನು ಆ ಹುಡುಗ ಹುಡುಗಿಯರನ್ನು ದೂರುತ್ತಿಲ್ಲ. ದಿನವಿಡೀ ನಿಂತೇ ಇರುವ ಕೆಲಸ ಅದು. ಅಂಗಡಿ ನೌಕರರಿಗೆ ಕೂರಲು ಜಾಗ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು ಅಂದರೆ ಪರಿಸ್ಥಿತಿ ಹೇಗಿರಬಹುದು, ಯೋಚಿಸಿ. ಶನಿವಾರ ಭಾನುವಾರ ರಜೆ ಇಲ್ಲ. ಆಯುಧಪೂಜೆ, ದೀಪಾವಳಿಗೆ ಊರಿಗೆ ಹೋಗುವ ಹಾಗಿಲ್ಲ, ಅದೇ ಅವರ ಸೀಸನ್. ಒಂದೆರಡು ವರ್ಷದಲ್ಲಿ ಬೇರೆ ಕೆಲಸ ಸಿಕ್ಕರೆ ಹೋಗಿಬಿಡುತ್ತಾರೆ. ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತೆ. ಅವರ ಜಾಗಕ್ಕೆ ಬಂದವರು ಮತ್ತೆ ಮೊದಲಿಂದ ಶುರು ಮಾಡಬೇಕು.

ಇಷ್ಟು ವರ್ಷ ಈ ವ್ಯವಸ್ಥೆ ಹೇಗೋ ನಡೆದುಕೊಂಡು ಬಂತು. ಕಾರಣ, ಲ್ಯಾಪ್‌ಟಾಪ್ ಮಾರಾಟಕ್ಕೆ ಒಂದು ಸುಲಭದ ಮಂತ್ರ ಇತ್ತು. “ಐ5, 16 ಜಿಬಿ, 512.” ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ. ಅಂದರೆ ಮುಖ್ಯ ಚಿಪ್, ಕೆಲಸದ ಹೊತ್ತಿನ ಮೆಮೊರಿ, ಫೈಲ್ ಇಡುವ ಜಾಗ. ಈ ಮೂರು ಅಂಕಿ ಬಾಯಿಪಾಠ ಬಂದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಅಂಕಿ ಜಾಸ್ತಿಯಾದರೆ ಬೆಲೆ ಜಾಸ್ತಿ, ಅಷ್ಟೆ. ಒಳಗೆಲ್ಲ ಒಂದೇ ವಿಂಡೋಸ್, ಒಂದೇ ಬಗೆಯ ಪ್ರೋಗ್ರಾಂ. ತಪ್ಪು ಮಷೀನ್ ಮಾರಿದರೂ ಗಿರಾಕಿಗೆ ಸ್ವಲ್ಪ ನಿಧಾನದ್ದು ಸಿಗುತ್ತಿತ್ತು, ಕೆಲಸವೇ ಮಾಡದ್ದು ಸಿಗುತ್ತಿರಲಿಲ್ಲ.

ಈಗ ಆ ಮಂತ್ರ ಸಾಲುತ್ತಿಲ್ಲ. 2024ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್ ಪಿಸಿ’ ಅನ್ನುವ ಹೊಸ ಜಾತಿಯನ್ನೇ ತಂದಿತು. ಅದಕ್ಕೆ ಎನ್‌ಪಿಯು, ಅಂದರೆ ಎಐ ಕೆಲಸಕ್ಕೇ ಮೀಸಲಾದ ಚಿಪ್ಪಿನ ಭಾಗ ಬೇಕು, ಅದರ ವೇಗವೂ 40 ಟಾಪ್ಸ್‌ಗೆ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಕಡಿಮೆ ಇರಬಾರದು, ಜೊತೆಗೆ 16 ಜಿಬಿ ರ‍್ಯಾಮ್. ಮೊದಲು ಬಂದ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಸ್ನಾಪ್‌ಡ್ರ್ಯಾಗನ್ ಚಿಪ್. ಅಂದರೆ ಮೊಬೈಲಿನಲ್ಲಿ ಇರುವ ಆರ್ಮ್ ಬಗೆಯದು. ಬ್ಯಾಟರಿ ಬಹಳ ಹೊತ್ತು ಬರುತ್ತೆ. ಹಳೆಯ ವಿಂಡೋಸ್ ಪ್ರೋಗ್ರಾಂಗಳು ಬಹುಮಟ್ಟಿಗೆ ನಡೆಯುತ್ತವೆ. ಆದರೆ ಹಳೆಯ ಪ್ರಿಂಟರಿನ ಡ್ರೈವರ್ (ಅದನ್ನು ಕಂಪ್ಯೂಟರಿಗೆ ಹೊಂದಿಸುವ ಪ್ರೋಗ್ರಾಂ) ಆರ್ಮ್‌ಗೆ ಅಂತ ಬರೆದಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಕೆಲವು ಆನ್‌ಲೈನ್ ಗೇಮ್‌ಗಳೂ ತೆರೆಯುವುದಿಲ್ಲ. ಮಾಮೂಲಿ ಇಂಟೆಲ್ ಚಿಪ್ಪಿನ ಲ್ಯಾಪ್‌ಟಾಪ್, ಈ ಆರ್ಮ್ ಲ್ಯಾಪ್‌ಟಾಪ್, ನೋಡುವುದಕ್ಕೆ ಎರಡೂ ಒಂದೇ ಥರ. ಒಂದೇ ಬ್ರ್ಯಾಂಡು, ಒಂದೇ ಬಣ್ಣ, ಹತ್ತಿರ ಹತ್ತಿರ ಅದೇ ಬೆಲೆ. ವ್ಯತ್ಯಾಸ ಹೇಳಬೇಕಾದವರು ಪಕ್ಕದಲ್ಲಿ ನಿಂತವರು.

ಅವರು ಕೇಳಬೇಕಾದ್ದು ಒಂದೇ ಪ್ರಶ್ನೆ: “ಮನೆಯಲ್ಲಿ ಯಾವ ಪ್ರಿಂಟರ್ ಇದೆ, ಯಾವ ಸಾಫ್ಟ್‌ವೇರ್ ಬಳಸುತ್ತೀರಿ?” ಇದನ್ನು ಕೇಳದೆ ಮಾರಿದರೆ ಎರಡು ದಿನಕ್ಕೆ ಮಷೀನ್ ವಾಪಸ್. 2024ರ ಡಿಸೆಂಬರ್‌ನಲ್ಲಿ ಇಂಟೆಲ್‌ನ ಆಗಿನ ಹಂಗಾಮಿ ಸಹ-ಮುಖ್ಯಸ್ಥೆ, ಆರ್ಮ್ ಲ್ಯಾಪ್‌ಟಾಪ್‌ಗಳು ವಾಪಸ್ ಬರುತ್ತಿರುವುದು ಅಂಗಡಿಯವರ ಚಿಂತೆಯಾಗಿದೆ ಅಂದರು. ಹಾಗೇನಿಲ್ಲ, ನಮ್ಮದು ಎಲ್ಲರ ಹಾಗೇ ಇದೆ ಅಂತ ಸ್ನಾಪ್‌ಡ್ರ್ಯಾಗನ್ ಚಿಪ್ ಮಾಡುವ ಕ್ವಾಲ್ಕಾಂ ಉತ್ತರ ಕೊಟ್ಟಿತು. ಇಂಟೆಲ್ ಅದರ ಪ್ರತಿಸ್ಪರ್ಧಿ, ಹಾಗಾಗಿ ಆ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಅಮೆಜಾನ್ ತನ್ನ ಅಮೆರಿಕದ ತಾಣದಲ್ಲಿ ಮೈಕ್ರೋಸಾಫ್ಟಿನದೇ ಸ್ನಾಪ್‌ಡ್ರ್ಯಾಗನ್ ಸರ್ಫೇಸ್ ಲ್ಯಾಪ್‌ಟಾಪಿನ ಮೇಲೆ ‘ಇದನ್ನು ಜನ ಪದೇ ಪದೇ ವಾಪಸ್ ಮಾಡುತ್ತಾರೆ’ ಅಂತ ಎಚ್ಚರಿಕೆ ಹಾಕಿದ್ದಂತೂ ನಿಜ. ಆನ್‌ಲೈನಿನಲ್ಲಿ ಪ್ರಿಂಟರ್ ಯಾವುದು ಅಂತ ಕೇಳುವವರು ಯಾರೂ ಇರುವುದಿಲ್ಲ ಅಲ್ವಾ?

ಇದು ಮೊದಲ ಸಲ ಆಗುತ್ತಿರುವುದೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ‘ಸರ್ಫೇಸ್ ಆರ್‌ಟಿ’ ಅನ್ನುವ ಟ್ಯಾಬ್ಲೆಟ್ ತಂದಿತು, ಅದರಲ್ಲೂ ಆರ್ಮ್ ಚಿಪ್. ಹೆಸರಿಗೆ ವಿಂಡೋಸ್ ಇತ್ತು, ಮಾಮೂಲಿ ವಿಂಡೋಸ್ ಪ್ರೋಗ್ರಾಂ ಹಾಕಲು ಬರುತ್ತಿರಲಿಲ್ಲ. ಇದನ್ನು ಗಿರಾಕಿಗೆ ಅರ್ಥ ಮಾಡಿಸುವುದೇ ದೊಡ್ಡ ಕೆಲಸ ಅಂತ ಸ್ಯಾಮ್‌ಸಂಗ್ 2013ರ ಜನವರಿಯಲ್ಲಿ ಹೇಳಿ, ಅಂಥದ್ದೇ ತನ್ನ ಟ್ಯಾಬ್ಲೆಟನ್ನು ಅಮೆರಿಕದಲ್ಲಿ ಮಾರುವ ಯೋಚನೆಯನ್ನೇ ಕೈಬಿಟ್ಟಿತು. ಅದೇ ವರ್ಷ ಜುಲೈನಲ್ಲಿ ಮೈಕ್ರೋಸಾಫ್ಟ್, ಮಾರಾಟವಾಗದೆ ಉಳಿದ ಸರ್ಫೇಸ್ ಆರ್‌ಟಿಗಳ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಮಷೀನಿನಲ್ಲಿ ಬೇರೆ ಕೊರತೆಗಳೂ ಇದ್ದವು. ಆದರೂ ಅಂಗಡಿಯಲ್ಲಿ ಎರಡು ವಾಕ್ಯದಲ್ಲಿ ಹೇಳಲಾಗದ ಕಂಪ್ಯೂಟರನ್ನು ಮಾರುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತೆ.

ಕಿಯೋಗೆ ಇನ್ನೂ ಹತ್ತಿರದ ಉದಾಹರಣೆ ನೆಟ್‌ಬುಕ್. 2007ರ ಕೊನೆಗೆ ಏಸುಸ್ ಕಂಪನಿಯ ‘ಈ ಪಿಸಿ’ ಬಂತು. ಪುಟ್ಟದು, ಅಗ್ಗ, ಒಳಗೆ ಲಿನಕ್ಸ್. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಮರುವರ್ಷ ಎಂಎಸ್‌ಐ ಕಂಪನಿಯವರು ಒಂದು ವಿಷಯ ಹೊರಗೆ ಹೇಳಿದರು: ವಿಂಡೋಸ್ ಎಕ್ಸ್‌ಪಿ ಇರುವ ನೆಟ್‌ಬುಕ್‌ಗಿಂತ ಲಿನಕ್ಸ್ ಇರುವ ನೆಟ್‌ಬುಕ್ ನಾಲ್ಕು ಪಟ್ಟು ವಾಪಸ್ ಬರುತ್ತಿದೆ. ಲಿನಕ್ಸ್ ಕೆಟ್ಟದ್ದು ಅಂತ ಅಲ್ಲ. ಬೆಲೆ ನೋಡಿ ಕೊಂಡವರು ಮನೆಗೆ ಹೋಗಿ ತೆರೆದಾಗ, ತಮಗೆ ಗೊತ್ತಿರುವ ಪರದೆ ಅಲ್ಲಿ ಇರಲಿಲ್ಲ. ಹೀಗಿರುತ್ತೆ ಅಂತ ಅಂಗಡಿಯಲ್ಲಿ ಅವರಿಗೆ ಹೇಳಿದವರು ಇರಲಿಲ್ಲ.

ಕಿಯೋ ವಿಷಯದಲ್ಲಿ ಇದೇ ಪ್ರಶ್ನೆಗಳು ಏಳುತ್ತವೆ, ಅನುಮಾನವೇ ಬೇಡ. “ಇದರಲ್ಲಿ ಎಂಎಸ್ ಆಫೀಸ್ ಬರುತ್ತಾ?” ವಿಂಡೋಸ್‌ನಲ್ಲಿ ಹಾಕುವ ಹಾಗೆ ಹಾಕಲು ಬರುವುದಿಲ್ಲ. ಲಿಬ್ರೆ ಆಫೀಸ್‌ನಂಥ ಉಚಿತ ಪ್ರೋಗ್ರಾಂ ಬಳಸಬೇಕು, ವರ್ಡ್ ಫೈಲನ್ನು ಅದರಲ್ಲಿ ತೆರೆಯಬಹುದು, ಕೆಲವು ಸಲ ಅಕ್ಷರದ ಜೋಡಣೆ ಆಚೀಚೆ ಆಗುತ್ತೆ. “ಟ್ಯಾಲಿ?” ಆ ಲೆಕ್ಕಪತ್ರದ ಪ್ರೋಗ್ರಾಂ ವಿಂಡೋಸ್‌ಗೆ ಮಾಡಿದ್ದು. “ಮಗ ಗೇಮ್ ಆಡುತ್ತಾನೆ.” ದೊಡ್ಡ ಗೇಮ್‌ಗಳಿಗೆ ಇದು ಆಗುವುದಿಲ್ಲ. “ಮಾನಿಟರ್ ಎಲ್ಲಿ?” ಇದು ಪುಟ್ಟ ಪೆಟ್ಟಿಗೆ, ಪರದೆಯನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಬೇಕು. ಇಷ್ಟನ್ನು ಮೊದಲೇ ನೇರವಾಗಿ ಹೇಳಿದರೆ ನಾಲ್ಕು ಜನ ಬೇಡ ಅಂತ ಎದ್ದು ಹೋಗಬಹುದು. ಉಳಿದವರು ಏನು ಕೊಳ್ಳುತ್ತಿದ್ದೇವೆ ಅಂತ ತಿಳಿದು ಕೊಳ್ಳುತ್ತಾರೆ. ಓದು, ಕೋಡಿಂಗ್, ಇಂಟರ್ನೆಟ್, ಬರವಣಿಗೆ ಇಷ್ಟಕ್ಕೆ ಇದು ಸಾಕು ಅಂತ ಗೊತ್ತಿದ್ದು ಮನೆಗೆ ಒಯ್ದವರು ಪಕ್ಕದ ಮನೆಯವರಿಗೂ ಹೇಳುತ್ತಾರೆ. ಆದರೆ ಪೀಸಿನ ಲೆಕ್ಕದಲ್ಲಿ ಇನ್ಸೆಂಟಿವ್ ಇದ್ದರೆ ಆ ನಾಲ್ಕು ಜನರನ್ನು ಎದ್ದು ಹೋಗಲು ಯಾರು ಬಿಡುತ್ತಾರೆ?

ತಿಳಿವಳಿಕೆ ಇದ್ದರೆ ಸಾಕಾಗುವುದಿಲ್ಲ, ದುಡ್ಡಿನ ದಾರಿಯೂ ಸರಿ ಇರಬೇಕು ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. “ನಿಮ್ಮ ಹಳೆ ಲ್ಯಾಪ್‌ಟಾಪ್ ಇನ್ನು ನಡೆಯಲ್ಲ ಸಾರ್, ಹೊಸದು ತಗೊಳ್ಳಿ” ಅನ್ನುವ ಮಾತು ಆಗಿನಿಂದ ಎಷ್ಟು ಕಿವಿಗೆ ಬಿದ್ದಿದೆಯೋ. ನಿಜ ಏನು? ಹಳೆಯ ಮಷೀನ್ ನಿಂತುಹೋಗುವುದಿಲ್ಲ. ಸುರಕ್ಷತೆಯ ಅಪ್‌ಡೇಟ್ ನಿಲ್ಲುತ್ತೆ. ಅದಕ್ಕೂ ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಸಿಗುವ ಏರ್ಪಾಡು ಇದೆ. ಇದು ಗೊತ್ತಿರುವ ನೌಕರರೂ ಹೇಳದೆ ಇರಬಹುದು. ಹೇಳಿದರೆ ಇವತ್ತಿನ ಒಂದು ಬಿಲ್ ಹೋಗುತ್ತೆ. ಆದರೆ ಹೇಳಿದವರ ಹತ್ತಿರವೇ ಆ ಮನೆಯವರು ಮುಂದಿನ ವರ್ಷ ಬರುತ್ತಾರೆ. ಆಗ ಆ ಪ್ರಮೋಟರ್ ಅದೇ ಅಂಗಡಿಯಲ್ಲಿ ಇರುತ್ತಾರಾ ಅನ್ನುವುದೇ ತೊಡಕು.

ಒಂದು ಭಾನುವಾರ ಸಂಜೆ, ಜಯನಗರದ ಒಂದು ಶೋರೂಂನಲ್ಲಿ ನಾನು ಕೀಬೋರ್ಡ್ ನೋಡುತ್ತಿದ್ದೆ. ಪಕ್ಕದಲ್ಲಿ ತಾಯಿ ಮಗಳು. ಮಗಳು ಬಿಸಿಎ ಸೇರಿದ್ದಳು. ಪ್ರಮೋಟರ್ ಹುಡುಗ ಮೊದಲು ಕೇಳಿದ್ದು “ಬಜೆಟ್ ಎಷ್ಟು ಮೇಡಂ?” ಅಂತ. ಆಮೇಲೆ ಹಿಂದಿ ಇಂಗ್ಲಿಷ್ ಬೆರೆಸಿ ಪ್ರೊಸೆಸರ್, ಜನರೇಷನ್, ರಿಫ್ರೆಶ್ ರೇಟ್ ಎಲ್ಲ ಹೇಳಿದ. ಪಾಪ, ಚೆನ್ನಾಗಿಯೇ ಹೇಳಿದ. ತಾಯಿ ಎಲ್ಲ ಕೇಳಿಸಿಕೊಂಡು, “ಇದರಲ್ಲಿ ಕನ್ನಡ ಟೈಪ್ ಮಾಡಬಹುದೇನಪ್ಪಾ?” ಅಂದರು. ಅವರು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಆ ಹುಡುಗ “ಸಾಫ್ಟ್‌ವೇರ್ ಹಾಕಿಸಬೇಕು” ಅಂದ. ಅಲ್ಲಿಗೆ ಮಾತು ನಿಂತಿತು.

ತಾಯಿ ಮಗಳು ಮುಂದಿನ ಮೇಜಿಗೆ ಸರಿದರು. ಅಲ್ಲಿ ಬೇರೆ ಬ್ರ್ಯಾಂಡಿನ ಹುಡುಗಿ, ಮಾತಿನ ಧಾಟಿಯಲ್ಲಿ ರಾಯಚೂರು ಕಡೆಯವಳು. ಅವಳಿಗೂ ಅದೇ ಪ್ರಶ್ನೆ ಬಂತು. ಅವಳು ಏನೂ ಹೇಳಲಿಲ್ಲ, ಡೆಮೊ ಪೀಸಿನ ಸೆಟ್ಟಿಂಗ್ಸ್‌ಗೆ ಹೋದಳು. ಭಾಷೆ ಸೇರಿಸುವ ಕಡೆ ಕನ್ನಡ ಆರಿಸಿ, ಫೊನೆಟಿಕ್ ಕೀಬೋರ್ಡ್ ಹಾಕಿ, ನೋಟ್‌ಪ್ಯಾಡ್ ತೆರೆದಳು. “ನಿಮ್ಮ ಹೆಸರು ಹೇಳ್ರಿ ಅಮ್ಮ” ಅಂದಳು. ಇಂಗ್ಲಿಷ್ ಅಕ್ಷರ ಒತ್ತಿದಂತೆ ಪರದೆಯ ಮೇಲೆ ಹೆಸರು ಕನ್ನಡದಲ್ಲಿ ಮೂಡಿತು. ಆಮೇಲೆ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, “ಈಗ ನೀವು ಹೊಡೀರಿ” ಅಂದಳು. ತಾಯಿ ನಿಧಾನವಾಗಿ ಒಂದೊಂದೇ ಬೆರಳಿನಲ್ಲಿ ತಮ್ಮ ಊರಿನ ಹೆಸರು ಬರೆದರು. ಮಗಳು ಆಗ ಕೇಳಿದ ಪ್ರಶ್ನೆ ರ‍್ಯಾಮಿನ ಬಗ್ಗೆ. ಬಿಲ್ ಆದದ್ದು ಆ ಬ್ರ್ಯಾಂಡಿನದೇ.

ಎರಡೂ ಮಷೀನಿನಲ್ಲಿ ಇದ್ದದ್ದು ಅದೇ ವಿಂಡೋಸ್. ಆ ಕೀಬೋರ್ಡು ಎರಡರಲ್ಲೂ ಇತ್ತು. ವಿಂಡೋಸ್‌ನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ 2019ರಿಂದಲೇ ಇದೆ, ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ. ಮೊದಲ ಕಂಪನಿ ಜಾಹೀರಾತಿಗೆ ಎಷ್ಟು ಸುರಿದಿತ್ತೋ, ಆ ಮನೆಯ ಮಟ್ಟಿಗೆ ಅಷ್ಟೂ ವ್ಯರ್ಥವಾಯಿತು. ಆ ಹುಡುಗನಿಗೆ ಯಾರಾದರೂ ಒಂದು ಸಲ ಕೂರಿಸಿ ಇದನ್ನು ತೋರಿಸಿದ್ದರೆ ಅವನೂ ಮಾಡುತ್ತಿದ್ದ.

ಬೆಂಗಳೂರಿನ ಮಾರಾಟದಲ್ಲಿ ಭಾಷೆ ಎಷ್ಟು ಮುಖ್ಯ ಅನ್ನುವುದನ್ನು ಕಂಪನಿಗಳು ಇನ್ನೂ ಪೂರ್ತಿ ಅರ್ಥ ಮಾಡಿಕೊಂಡಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ಫ್ರಿಜ್ಜನ್ನು ಯಾವ ಭಾಷೆಯಲ್ಲಾದರೂ ಮಾರಬಹುದು. ಬಾಗಿಲು ತೆರೆದು ತೋರಿಸಿದರೆ ಆಯಿತು. ಕಂಪ್ಯೂಟರ್ ಹಾಗಲ್ಲ. ಗೊತ್ತಿಲ್ಲದ್ದನ್ನು ಕೇಳುವುದಕ್ಕೆ ನಾಚಿಕೆ ಇರುತ್ತೆ. ಬೇರೆ ಭಾಷೆಯಲ್ಲಿ ಕೇಳಬೇಕಾದರೆ ಆ ನಾಚಿಕೆ ಇನ್ನೂ ಜಾಸ್ತಿ. ಕೇಳದೆ ಸುಮ್ನೆ ತಲೆಯಾಡಿಸಿ ‘ಯೋಚನೆ ಮಾಡಿ ಬರ್ತೀವಿ’ ಅಂತ ಹೊರಟುಬಿಡುತ್ತಾರೆ. ಇಂಥ ಮಾರಾಟ ತಪ್ಪಿದ್ದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಮಾಗಡಿ ರಸ್ತೆ, ಪೀಣ್ಯ, ಕೆಂಗೇರಿ ಕಡೆಯಿಂದ ಬರುವ, ಕೋಲಾರ ತುಮಕೂರಿನಿಂದ ಮಗನ ಸೀಟಿಗೆ ಅಂತ ಬಂದು ಹಾಗೇ ಲ್ಯಾಪ್‌ಟಾಪ್ ನೋಡಿಕೊಂಡು ಹೋಗುವ ಮನೆಗಳು ಇವೇ ಅಲ್ವಾ?

ಇದಕ್ಕೆ ತದ್ವಿರುದ್ಧ ಜಗತ್ತು ಎಸ್‌ಪಿ ರೋಡು. ಟೌನ್‌ಹಾಲ್ ಹತ್ತಿರದ ಸದರ್ ಪತ್ರಪ್ಪ ರಸ್ತೆಯ ಚಿಕ್ಕ ಅಂಗಡಿಗಳಲ್ಲಿ ಗಲ್ಲಾದಲ್ಲಿ ಕೂತವರೇ ಮಾಲೀಕರು, ಇಲ್ಲವೇ ಹತ್ತಾರು ವರ್ಷದಿಂದ ಅಲ್ಲೇ ಇರುವವರು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಅಂತ ಚೀಟಿಯ ಮೇಲೆ ಕೊಟೇಶನ್ ಬರೆದು ಕೊಡುತ್ತಾರೆ. 2025ರ ಕೊನೆಯಿಂದ ಆ ಚೀಟಿಯಲ್ಲಿ ರ‍್ಯಾಮಿನ ಸಾಲು ಗಾಬರಿ ಹುಟ್ಟಿಸುವಂತಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಜನಸಾಮಾನ್ಯರು ಕೊಳ್ಳುವ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಬೆಲೆ ಯಾಕೆ ಏರಿತು, ಈಗ 8 ಜಿಬಿ ಹಾಕಿ ಆಮೇಲೆ ಸೇರಿಸಬಹುದಾ, ಹಳೆ ಮಷೀನಿನ ರ‍್ಯಾಮ್ ಇದಕ್ಕೆ ಬರುತ್ತಾ, ಈ ಪ್ರಶ್ನೆಗಳಿಗೆ ಅಲ್ಲಿ ಥಟ್ಟನೆ ಉತ್ತರ ಸಿಗುತ್ತೆ. ಆ ತಿಳಿವಳಿಕೆ ಯಾವ ಟ್ರೈನಿಂಗ್ ವೀಡಿಯೊದಿಂದಲೂ ಬಂದದ್ದಲ್ಲ. ಅದೇ ಗಿರಾಕಿ ರಿಪೇರಿಗೆ ಮತ್ತೆ ಅಲ್ಲಿಗೇ ಬರುತ್ತಾರೆ, ಮಾರಿದ್ದಕ್ಕೆ ಉತ್ತರ ಹೇಳಬೇಕಾಗುತ್ತೆ, ಅದರಿಂದ ಬಂದದ್ದು. ಆದರೆ ಮೊದಲ ಸಲ ಬರುವವರಿಗೆ ಅಲ್ಲಿ ತಾಳ್ಮೆ ಸಿಗುವುದು ಕಷ್ಟ. ಕೂತು ನೋಡುವ ಜಾಗ ಇಲ್ಲ, ಮುಟ್ಟಿ ನೋಡುವ ಮಷೀನ್ ಇಲ್ಲ. ಏನು ಬೇಕು ಅಂತ ಗೊತ್ತಿರುವವರಿಗೆ ಅದು ಒಳ್ಳೆಯ ಜಾಗ.

ನೌಕರರ ಮೇಲಿನ ಖರ್ಚು ಉಳಿಸಲು ಹೋದರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ಸರ್ಕಿಟ್ ಸಿಟಿ ಕಥೆಯನ್ನು ಈ ವ್ಯಾಪಾರದವರೆಲ್ಲ ಓದಬೇಕು. ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ಅದು. 2007ರ ಮಾರ್ಚ್‌ನಲ್ಲಿ ಸುಮಾರು 3,400 ನೌಕರರನ್ನು ಒಟ್ಟಿಗೆ ಮನೆಗೆ ಕಳಿಸಿತು. ಅವರ ತಪ್ಪು ಏನೂ ಇರಲಿಲ್ಲ. ಸಂಬಳ ಜಾಸ್ತಿ ಅನ್ನುವುದೊಂದೇ ಕಾರಣ. ಅವರ ಜಾಗಕ್ಕೆ ಕಡಿಮೆ ಸಂಬಳದ ಹೊಸಬರನ್ನು ತೆಗೆದುಕೊಂಡಿತು. ಸಂಬಳ ಜಾಸ್ತಿ ಇದ್ದದ್ದು ಅನುಭವ ಜಾಸ್ತಿ ಇದ್ದವರಿಗೆ. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಮಾರ್ಚ್ ಹೊತ್ತಿಗೆ ಎಲ್ಲ ಅಂಗಡಿ ಮುಚ್ಚಿದವು. ಆ ಹೊತ್ತಿಗೆ ಆರ್ಥಿಕ ಕುಸಿತವೂ ಬಂದಿತ್ತು, ಎಲ್ಲವನ್ನೂ ಇದೊಂದರ ತಲೆಗೆ ಕಟ್ಟಲು ಆಗುವುದಿಲ್ಲ. ಆದರೆ ಗೊತ್ತಿರುವವರು ಇಲ್ಲದ ಅಂಗಡಿಗೆ ಜನ ಯಾಕೆ ಹೋಗಬೇಕು? ಬರೀ ಡಬ್ಬ ಕೊಳ್ಳುವುದಕ್ಕೆ ಆನ್‌ಲೈನ್ ಇದೆ.

ಆಪಲ್ ಹಿಡಿದ ದಾರಿ ಬೇರೆ. ದೊಡ್ಡ ಅಂಗಡಿಗಳ ಮೂಲೆಯಲ್ಲಿ ತನ್ನ ಮಷೀನ್ ಇಟ್ಟಿದ್ದಾಗ, ಅಲ್ಲಿನ ನೌಕರರಿಗೆ ಅದನ್ನು ತೋರಿಸುವ ಆಸಕ್ತಿ ಇರಲಿಲ್ಲ. 2001ರ ಮೇನಲ್ಲಿ ಸ್ವಂತ ಅಂಗಡಿ ತೆರೆಯಿತು. ಅಲ್ಲಿ ಮಾರುವವರಿಗೆ ಪೀಸಿನ ಮೇಲೆ ಕಮಿಷನ್ ಇಲ್ಲ. 2025ರ ಸೆಪ್ಟೆಂಬರ್ 2ರಂದು ಹೆಬ್ಬಾಳದ ಮಾಲ್‌ನಲ್ಲಿ ಬೆಂಗಳೂರಿನ ಅಂಗಡಿ ತೆರೆದದ್ದೂ ಅದೇ ಪದ್ಧತಿಯ ಮೇಲೆ. ಅಷ್ಟು ಲಾಭ ಇಟ್ಟು ಮಾರುವ ಕಂಪನಿಗೆ ಅದು ಸಾಧ್ಯ. 18,999 ರೂಪಾಯಿಯ ಕಂಪ್ಯೂಟರಿಗೆ ಸ್ವಂತ ಅಂಗಡಿ ಕಟ್ಟಿಕೊಂಡು ಕೂರಲು ಆಗುವುದಿಲ್ಲ. ಆದರೆ ಪದ್ಧತಿಯ ತಿರುಳು ಅಂಗಡಿಯ ಗಾಜಿನಲ್ಲಿ ಇಲ್ಲ, ತೋರಿಸುವವರಿಗೆ ಅವಸರ ಇಲ್ಲದಿರುವುದರಲ್ಲಿದೆ. ಅದನ್ನು ಕಡಿಮೆ ಖರ್ಚಿನಲ್ಲೂ ಮಾಡಬಹುದು.

ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಅನುಭವ ಇದೆ. ಐಐಎಸ್‌ಸಿಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯಾ? ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್, ಭಾರತೀಯ ಭಾಷೆಗಳಲ್ಲಿ ಮಾತಾಡುತ್ತಿತ್ತು, ಒಳಗೆ ಲಿನಕ್ಸ್. 2004ರಲ್ಲಿ ಪಿಕೊಪೇಟಾ ಕಂಪನಿ ಮತ್ತು ಕೇಂದ್ರ ಸರ್ಕಾರದ ಬಿಇಎಲ್ ಸೇರಿ ‘ಅಮಿಡಾ’ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದವು. ಪ್ರಪಂಚದ ಪತ್ರಿಕೆಗಳೆಲ್ಲ ಹೊಗಳಿದವು. ಆದರೆ ಜನರ ಕೈಗೆ ಅಂದುಕೊಂಡಷ್ಟು ಹೋಗಲೇ ಇಲ್ಲ. ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು, ಅದು ದೊಡ್ಡ ಕಾರಣ. ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತೆ. ಮೊಬೈಲನ್ನು ಬೀದಿ ಬೀದಿಯಲ್ಲಿ ಒಬ್ಬರು ಕೈಗೆ ಕೊಟ್ಟು, ‘ಹೀಗೆ ಒತ್ತಿ’ ಅಂತ ತೋರಿಸುತ್ತಿದ್ದರು. ಸಿಂಪ್ಯೂಟರಿಗೆ ಅಂಥವರು ಇರಲಿಲ್ಲ.

ಕಿಯೋಗೆ ಆ ಗತಿ ಬರಬೇಕಾಗಿಲ್ಲ. ಕಾರಣ, ಕಿಯೋನಿಕ್ಸ್ ಹತ್ತಿರ ಬೇರೆ ಯಾವ ಕಂಪ್ಯೂಟರ್ ಕಂಪನಿಗೂ ಇಲ್ಲದ ಒಂದು ಆಸ್ತಿ ಇದೆ: ರಾಜ್ಯದ ಊರೂರಿನಲ್ಲಿ ಅದರ ಹೆಸರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳು. ಅಲ್ಲಿ ಕಲಿಸುವವರು ದಿನವೂ ಕನ್ನಡದಲ್ಲಿ, ಮೌಸ್ ಹಿಡಿಯುವುದು ಹೇಗೆ ಅನ್ನುವುದರಿಂದ ಶುರು ಮಾಡಿ ಹೇಳಿಕೊಡುತ್ತಾರೆ. ಕೇಳಲು ನಾಚಿಕೆಪಡುವವರ ಜೊತೆ ಹೇಗೆ ಮಾತಾಡಬೇಕು ಅಂತ ಶೋರೂಂನ ಯಾವ ಪ್ರಮೋಟರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಂದೊಂದು ಕೇಂದ್ರದಲ್ಲಿ ಎರಡು ಕಿಯೋ ಇಡಲಿ. ಲಾಕ್ ಹಾಕಿ ವೀಡಿಯೊ ಓಡಿಸುವ ಡೆಮೊ ಪೀಸ್ ಬೇಡ. ಕೂತು ಮುಟ್ಟಿ ನೋಡುವಂಥದ್ದು ಬೇಕು. ಮಗು ತನ್ನ ಪಾಠದ ಪ್ರಶ್ನೆಯನ್ನು ಬುದ್ಧ್‌ಗೆ ಕೇಳಲಿ, ತಾಯಿ ಕನ್ನಡದಲ್ಲಿ ಒಂದು ಅರ್ಜಿ ಬರೆದು ನೋಡಲಿ. ಬೆಂಗಳೂರಿನ ಶೋರೂಂಗಳಲ್ಲಿ ಇಡುವುದಾದರೆ, ಈ ಕೇಂದ್ರಗಳಲ್ಲಿ ಕಲಿತ ಹುಡುಗ ಹುಡುಗಿಯರನ್ನೇ ಅಲ್ಲಿ ನಿಲ್ಲಿಸಲಿ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಕಂಪ್ಯೂಟರಿಗೆ 300 ರೂಪಾಯಿ ತೋರಿಸುವವರಿಗೆ ಅಂತ ಎತ್ತಿಟ್ಟರೆ, ಅದು ಬೆಲೆಯಲ್ಲಿ ಶೇ 2ಕ್ಕಿಂತ ಕಡಿಮೆ. ಸಾವಿರ ಮಷೀನಿಗೆ 3 ಲಕ್ಷ. ಅದರಲ್ಲಿ ಅರ್ಧವನ್ನು ಮಾರಿದ ದಿನ ಕೊಡಲಿ. ಇನ್ನರ್ಧವನ್ನು ಒಂದು ತಿಂಗಳಾದ ಮೇಲೆ, ಆ ಮನೆಗೆ ಫೋನ್ ಮಾಡಿ ಕಂಪ್ಯೂಟರ್ ಬಳಸುತ್ತಿದ್ದಾರಾ ಅಂತ ವಿಚಾರಿಸಿ, ಹೌದು ಅಂದರೆ ಕೊಡಲಿ. ಪ್ರಿಂಟರ್ ಸೇರುತ್ತಿಲ್ಲ, ಫೈಲ್ ತೆರೆಯುತ್ತಿಲ್ಲ ಅಂತ ಯಾರಾದರೂ ಹೇಳಿದರೆ, ಮಾರಿದವರೇ ಅದಕ್ಕೆ ದಾರಿ ಹೇಳಲಿ, ಆಮೇಲೆ ಉಳಿದ 150 ರೂಪಾಯಿ ತೆಗೆದುಕೊಳ್ಳಲಿ.